ಕಾವಲು ಪುಸ್ತಕ, ಚಿಕ್ಲಿಹೊಳೆ

ನಾಲ್ಕನೇ ಕೋಣೆಯ ಬಾಗಿಲು
ಬರೀ ಚಾವಿಗೆ ಬಗ್ಗುವುದಿಲ್ಲ.
ಹಿಡಿಕೆ ಹಿಡಿದು ಕೊಂಚ ಎತ್ತಬೇಕು,
ಮೊಣಕಾಲಲ್ಲಿ ಒಂದು ಏಟು, ಆಮೇಲೆ ತಿರುವು.
ಚಾವಿ ಕೊಡುವಾಗಲೇ ಎಲ್ಲರಿಗೂ ಹೇಳುತ್ತೇನೆ.
ಕೇಳುವುದಿಲ್ಲ. ರಾತ್ರಿ ಹತ್ತಕ್ಕೆ
"ವಾಚರ್, ವಾಚರ್" ಎಂದು ಕೂಗುತ್ತಾರೆ.

ಆ ಶುಕ್ರವಾರ ಬಂದವರು ಇಬ್ಬರು.
ವಿರಾಜಪೇಟೆಯಿಂದ, ಹಳೇ ಮಾರುತಿಯಲ್ಲಿ,
ಅನ್ನದ ಕುಕ್ಕರಿಗೂ ಸೀಟುಬೆಲ್ಟು ಹಾಕಿ ಕೂರಿಸಿದ್ದರು.
ಉತ್ತಯ್ಯ, ಅರವತ್ತೊಂಬತ್ತು.
ದೇಚವ್ವ, ವಯಸ್ಸಿನ ಕಾಲಂ ಖಾಲಿ.
ರಸೀದಿ ಎರಡು: ಕೋಣೆ ಒಂದು, ಗುಡಾರ ಒಂದು.
"ಮಕ್ಕಳು ಹಿಂದೆ ಬರ್ತಾರಾ?"
"ಯಾರೂ ಇಲ್ಲ. ಗುಡಾರ ನನಗೆ," ಅಂದರು ಆಯಮ್ಮ,
"ಇವರಿಗೆ ಜಿಗಣೆ ಅಂದ್ರೆ ಜೀವ ಹೋಗ್ತದೆ."
ಏಪ್ರಿಲಲ್ಲಿ ಎಲ್ಲಿಯ ಜಿಗಣೆ! ನಾನು ಬಾಯಿ ಬಿಡಲಿಲ್ಲ.
ಗಂಡಹೆಂಡಿರ ಜಗಳ ಉಂಡು ಮಲಗುವ ತನಕ.
ಇವರು ಉಂಡದ್ದು ಒಟ್ಟಿಗೆ, ಮಲಗುವುದು ಬೇರೆ ಬೇರೆ.
ಲೆಕ್ಕ ಹತ್ತಲಿಲ್ಲ.

ಹೂಮಳೆ ಬಿದ್ದು ಒಂಬತ್ತು ದಿನ,
ತೋಟಗಳ ಕಡೆಯಿಂದ ಕಾಫಿ ಹೂವಿನ ಗಾಳಿ.
ನೀರು ಇಳಿದು, ಮುಳುಗಿದ್ದ ಮರದ ಬೊಡ್ಡೆಗಳು
ಮುದಿ ದವಡೆಯ ಹಾಗೆ ಮೇಲೆದ್ದಿದ್ದವು.
ಗುಡಾರ ಕಟ್ಟಲು ಹೋದರೆ ದೇಚವ್ವ ಬಿಡಲಿಲ್ಲ,
ಗೂಟ ಹೊಡೆಯುವ ಕಲ್ಲನ್ನೂ ತಾವೇ ಆರಿಸಿದರು.
ಮೂರು ಸಲ ಬಿತ್ತು. ಮೂರನೇ ಸಲ ಒಳಗೇ ಇದ್ದರು;
ನಗು ಸಿಕ್ಕಿಕೊಂಡು ಬಟ್ಟೆಯೆಲ್ಲ
ಮೀನು ಬಿದ್ದ ಬಲೆಯ ಹಾಗೆ ಕುಣಿಯಿತು.
ಉತ್ತಯ್ಯ ಜಗಲಿಯ ಕುರ್ಚಿಯಿಂದ ಏಳಲಿಲ್ಲ.
"ಎಡಗಡೆ ಹಗ್ಗ ಸಡಿಲ," ಅಂದರು.
ಸಡಿಲವೇ ಇತ್ತು.

ಕಾಡುಮಾವಿನ ಗೊಜ್ಜು ನನಗೂ ಒಂದು ಬಟ್ಟಲು ಬಂತು.
ಹನ್ನೊಂದಕ್ಕೆ ಜನರೇಟರ್ ನಿಲ್ಲಿಸಿ
ಬೆಂಕಿಗೆ ಎರಡು ಕೊರಡು ತಳ್ಳಿ
ಕಾಡಿನ ಕಡೆಗೆ ಕಿವಿ ಇಟ್ಟು ಕೂತೆ.
ಆನೆಗಳು ಆ ವಾರ ಎರಡು ಸಲ ನೀರಿಗೆ ಬಂದಿದ್ದವು.
ಮರಿ ಒಂದಿತ್ತು. ಮರಿ ಇದ್ದರೆ ತಾಯಿ ಯಾರ ಮಾತೂ ಕೇಳಳು.

ಆಗ ಗುಡಾರ ಮಿನುಗಿತು.
ಮಿಂಚುಹುಳ ಅಂದುಕೊಂಡೆ, ಹುಲ್ಲಿನ ತುಂಬ ಅವೇ.
ಇದು ಮಾತ್ರ ಎಣಿಸಿದ ಹಾಗೆ:
ಚುಟುಕು, ಉದ್ದ, ಚುಟುಕು, ಚುಟುಕು.
ಬಿಡುವು.
ನಾಲ್ಕನೇ ಕೋಣೆಯ ಕಿಟಕಿ:
ಉದ್ದ, ಉದ್ದ.
ಬಿಡುವು.

ಟಾರ್ಚು ಕೆಟ್ಟಿತೇನೋ ಎಂದು ಎದ್ದೆ, ಮತ್ತೆ ಕೂತೆ.
ಕೆಟ್ಟ ಟಾರ್ಚು ಹೀಗೆ ಕಾಯುವುದಿಲ್ಲ,
ಒಂದು ಮುಗಿಸುವ ತನಕ ಇನ್ನೊಂದು.
ಮುಕ್ಕಾಲು ಗಂಟೆ.
ನಡುವೆ ಒಮ್ಮೆ ಕಿಟಕಿ ಬಹಳ ಹೊತ್ತು ಕತ್ತಲಾಯಿತು.
ಗುಡಾರ ಒಂದೇ ಒಂದು ಚುಟುಕು ಹಾಕಿ
ಸುಮ್ಮನಿತ್ತು.
ಆಮೇಲೆ ಕಿಟಕಿ ನಿಧಾನವಾಗಿ ಶುರು ಮಾಡಿತು.

ಬೆಳಿಗ್ಗೆ ಹಲ್ಲುಜ್ಜುತ್ತ ಉತ್ತಯ್ಯ ಹೇಳಿದರು:
ಇಬ್ಬರೂ ತಂತಿ ಆಫೀಸಿನವರು,
ಆಗ ಇವರು ಸೋಮವಾರಪೇಟೆ, ಆಯಮ್ಮ ವಿರಾಜಪೇಟೆ.
"ಎರಡು ವರ್ಷ ಅವಳ ಕೈ ಮಾತ್ರ ಗೊತ್ತಿತ್ತು, ಮುಖ ಗೊತ್ತಿರಲಿಲ್ಲ.
ಸಾವಿನ ಸುದ್ದಿ ಹೊಡೆಯುವಾಗ ನಿಧಾನ ಮಾಡುತ್ತಿದ್ದಳು.
ರೂಲ್ಸಲ್ಲಿ ಹಾಗಿಲ್ಲ."
ಬಾಯಿ ಮುಕ್ಕಳಿಸಿ ಉಗುಳಿದರು.
"ಒಂದೇ ಮನೆಗೆ ಬಂದ ಮೇಲೆ
ತಂತಿ ಹೊಡೆಯಲು ಜಾಗ ಎಲ್ಲಿ?"

ಗೂಟ ಕೀಳುತ್ತಿದ್ದ ಆಯಮ್ಮನನ್ನು ಕೇಳಿದೆ,
ರಾತ್ರಿ ಏನು ಹೇಳಿದಿರಿ ಎಂದು.
"ಸೊಳ್ಳೆಬತ್ತಿ ಎಲ್ಲಿ ಇಟ್ಟಿದ್ದೀರಿ ಅಂತ."
"ಸಿಕ್ಕಿತಾ?"
"ಎಲ್ಲಿ! ಮನೆಯಲ್ಲೇ ಬಿಟ್ಟು ಬಂದಿದ್ದಾರೆ."
ಇಷ್ಟಕ್ಕೆ ಮುಕ್ಕಾಲು ಗಂಟೆಯಾ?
ಅವರು ಗೂಟದ ಮಣ್ಣು ಒರೆಸುತ್ತಿದ್ದರು.
ಕತ್ತಿನ ತುಂಬ ಸೊಳ್ಳೆ ಕಚ್ಚಿದ ಗಂಧೆ.

ಪುಸ್ತಕದಲ್ಲಿ ಬರೆದೆ:
ಆನೆ ಬಂದಿಲ್ಲ. ಬೆಂಕಿ ಆರಿಸಿದೆ.
ಕಂಬಳಿ ಎರಡು, ವಾಪಸು ಎರಡು.
ವಿಶೇಷ ಏನೂ ಇಲ್ಲ. ಸಹಿ, ಬೋಜ.

ಗುಡಾರವಿದ್ದಲ್ಲಿ ಹುಲ್ಲು ವಾರವಾದರೂ ಏಳಲಿಲ್ಲ.
ನಾಲ್ಕನೇ ಬಾಗಿಲಿಗೆ ಎಣ್ಣೆ ಬಿಟ್ಟಿದ್ದೇನೆ.
ಈಗಲೂ ಕೊಂಚ ಎತ್ತಿಯೇ ತೆಗೆಯಬೇಕು.